ಸ್ಕಾಟ್ಲೆಂಡಿನ ಪ್ಯಾರಿಷ್‌ಗಳನ್ನು ಸಾಕಿದವರು ಯಾರು? ಹೆರಿಟರ್‌ಗಳ ದಾನವೋ, ಭೂಮಿಯ ಮೇಲಿನ ಋಣವೋ

ಕಡತಪ್ರಿಯ (ಎಡಿನ್‌ಬರೋ), ಶನಿವಾರ ಬೆಳಿಗ್ಗೆ

ಎಡಿನ್‌ಬರೋದ ಪಶ್ಚಿಮಕ್ಕೆ, ಫೋರ್ತ್ ಕೊಲ್ಲಿಯ ಹತ್ತಿರ, ಅಬರ್ಕಾರ್ನ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಇಗರ್ಜಿಯ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಹೋಪ್‌ಟೌನ್ ಮನೆತನದ ಅಟ್ಟದ ಕಡೆಗೆ. 1708ರ ಸುಮಾರಿಗೆ ಕಟ್ಟಿದ್ದು. ಮುಂಭಾಗದಲ್ಲಿ ಮನೆತನದ ಬಣ್ಣದ ಲಾಂಛನ, ಹಿಂದುಗಡೆ ಒಡೆಯರು ವಿಶ್ರಮಿಸಲು ಮರದ ಹಲಗೆ ಹೊದಿಸಿದ ಕೋಣೆ, ಕೆಳಗೆ ಅವರದೇ ಸಮಾಧಿಯ ನೆಲಮಾಳಿಗೆ. ಊರಿನವರು ಕೆಳಗಿನ ಬೆಂಚುಗಳಲ್ಲಿ, ಒಡೆಯರು ಮೇಲೆ. ಇಂಥ ಅಟ್ಟವನ್ನು ನೋಡಿದ ಯಾರಿಗಾದರೂ ಅನ್ನಿಸುವುದು ಒಂದೇ: ಧರ್ಮಿಷ್ಠ ಜಮೀನ್ದಾರರು ಊರಿಗೆ ಇಗರ್ಜಿ ಕಟ್ಟಿಸಿಕೊಟ್ಟರು, ಅದಕ್ಕೆ ಪ್ರತಿಯಾಗಿ ಮೇಲಿನ ಆಸನ ಪಡೆದರು.

ಬಹಳ ಕಾಲ ನಾನೂ ಹಾಗೆಯೇ ತಿಳಿದಿದ್ದೆ. ಹೆರಿಟರ್‌ಗಳ ಸಭೆಯ ನಡಾವಳಿ ಪುಸ್ತಕಗಳನ್ನು ಓದಲು ಶುರುಮಾಡಿದ ಮೇಲೆ ಆ ತಿಳಿವಳಿಕೆ ತಪ್ಪೆಂದು ಮನವರಿಕೆಯಾಯಿತು.

ಹೆರಿಟರ್ ಎಂದರೆ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಸೀಮೆಯಲ್ಲಿ, ವಂಶಪಾರಂಪರ್ಯ ಹಕ್ಕಿನಿಂದ ಭೂಮಿ ಹೊಂದಿದವನು. ಇಗರ್ಜಿ ಕಟ್ಟುವುದು, ಅದರ ಮಾಡು ಸೋರದಂತೆ ನೋಡಿಕೊಳ್ಳುವುದು, ಸ್ಮಶಾನದ ಗೋಡೆ, ಸಭಾಪಾಲಕರ (ಇಗರ್ಜಿಯ ಉಪದೇಶಕರ) ಮನೆ, ಅವರ ಸಂಬಳ, ಶಾಲೆ, ಮೇಷ್ಟರ ಸಂಬಳ, ಬಡವರ ಪೋಷಣೆಯ ಒಂದು ಪಾಲು, ಇವೆಲ್ಲ ಅವನ ತಲೆಯ ಮೇಲೆ ಕಾನೂನು ಹೊರಿಸಿದ ಹೊರೆ. ಅವನು ಭಕ್ತನೋ ಅಲ್ಲವೋ, ಊರಿನಲ್ಲಿದ್ದಾನೋ ಲಂಡನ್ನಿನಲ್ಲಿದ್ದಾನೋ, ಯಾರೂ ಕೇಳುವಂತಿರಲಿಲ್ಲ. ಭೂಮಿ ಕೊಂಡರೆ ಹೊರೆಯನ್ನೂ ಕೊಂಡಂತೆ.

ಖರ್ಚು ಹಂಚುತ್ತಿದ್ದ ರೀತಿಯಲ್ಲೇ ಇದು ಕಾಣುತ್ತದೆ. 17ನೇ ಶತಮಾನದಲ್ಲಿ ಪ್ರತಿ ಭೂಮಿಗೂ ಒಂದು ಗೇಣಿ ಮೌಲ್ಯ ಕಟ್ಟಿದ್ದರು. ನಿಜವಾದ ಗೇಣಿ ಎಷ್ಟೋ ಪಟ್ಟು ಏರಿದ ಮೇಲೂ ಅದೇ ಹಳೆಯ ಪಟ್ಟಿಯ ಪ್ರಕಾರ ಮಾಡಿನ ಕಲ್ಲುಹಲಗೆಯಿಂದ ಹಿಡಿದು ಶಾಲೆಯ ಕಿಟಕಿಯವರೆಗಿನ ಖರ್ಚನ್ನು ಪಾಲು ಹಾಕುತ್ತಿದ್ದರು. ಇಗರ್ಜಿಯೊಳಗಿನ ಜಾಗವನ್ನೂ ಅದೇ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಿದ್ದರು. ಹಾಗಾದರೆ ಅಬರ್ಕಾರ್ನಿನ ಅಟ್ಟವನ್ನು ದಾನಿಯ ಗೌರವಾಸನ ಎನ್ನಬೇಕೋ, ತೆರಿಗೆ ಕಟ್ಟಿದವನ ರಸೀದಿ ಎನ್ನಬೇಕೋ? ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ನಿಮ್ಮೆಲ್ಲರ ಮಾತು ಕೇಳಬೇಕೆನಿಸಿದೆ.

ಬಲ್ಮಠದವಳು, ಶನಿವಾರ ಮಧ್ಯಾಹ್ನ

ಸರ್, ನಾನು ಮಂಗಳೂರಿನ ಪ್ರೊಟೆಸ್ಟೆಂಟ್ ಕುಟುಂಬದವಳು. ನಮ್ಮ ಮನೆಯಲ್ಲಿ ದಶಮಾಂಶವೆಂದರೆ ಭಕ್ತರು ತಮ್ಮ ದುಡಿಮೆಯಲ್ಲಿ ಮನಸಾರೆ ತೆಗೆದಿಡುವ ಪಾಲು. ಕೊಡದಿದ್ದರೆ ಯಾರೂ ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಸಭಾಪಾಲಕರ ಸಂಬಳ ಭೂಮಾಲೀಕರ ಕೈಗೆ ಹೋದದ್ದು ಹೇಗೆ? ಅಲ್ಲಿ ದಶಮಾಂಶ ಇರಲಿಲ್ಲವೇ?

ಕಡತಪ್ರಿಯ, ಶನಿವಾರ ಸಂಜೆ

ಇತ್ತು ಮೇಡಂ, ಇಡೀ ಕಥೆಯ ಬೇರು ಅಲ್ಲೇ ಇದೆ. ಅಲ್ಲಿ ಅದನ್ನು ಟೀಂಡ್ ಎನ್ನುತ್ತಿದ್ದರು. ಬೆಳೆಯ ಹತ್ತನೇ ಒಂದು ಪಾಲು ಊರಿನ ಪಾದ್ರಿಗೆ ಸೇರಬೇಕಾದದ್ದು. ಆದರೆ ಸ್ಕಾಟ್ಲೆಂಡ್ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರೊಟೆಸ್ಟೆಂಟ್ ಆದ 1560ರ ಧರ್ಮಸುಧಾರಣೆಗೆ ಮೊದಲೇ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪ್ಯಾರಿಷ್‌ಗಳ ಈ ಆದಾಯ ಮಠಗಳಿಗೂ ಕೆಥೆಡ್ರಲ್‌ಗಳಿಗೂ ಸೇರಿಹೋಗಿತ್ತು. ಊರಿನಲ್ಲಿ ಪೂಜೆ ಮಾಡುತ್ತಿದ್ದ ಬಡ ಪಾದ್ರಿಗೆ ಸಿಗುತ್ತಿದ್ದದ್ದು ಅಳಿದುಳಿದದ್ದು. ಸುಧಾರಣೆ ಬಂದಾಗ ಮಠಗಳು ಮುಳುಗಿದವು; ಅವುಗಳ ಭೂಮಿಯನ್ನೂ ದಶಮಾಂಶವನ್ನೂ ಸರದಾರರು ಬಾಚಿಕೊಂಡರು. ಹೊಸ ಪ್ರೊಟೆಸ್ಟೆಂಟ್ ಸಭೆಗೆ ಉಪದೇಶಕರಿದ್ದರು, ಅವರ ಅನ್ನಕ್ಕೆ ದಾರಿಯಿರಲಿಲ್ಲ.

ಒಂದನೇ ಚಾರ್ಲ್ಸ್ ದೊರೆ ಪಟ್ಟಕ್ಕೆ ಬಂದ ಹೊಸತರಲ್ಲಿ ಆ ಸೊತ್ತನ್ನೆಲ್ಲ ಹಿಂದಕ್ಕೆ ಪಡೆಯುವೆನೆಂದು ಘೋಷಿಸಿದಾಗ ಸರದಾರರು ಕೆರಳಿದರು. ಕೊನೆಗೆ ರಾಜಿಯಾಯಿತು. 1633ರ ಕಾನೂನಿನ ಪ್ರಕಾರ ದಶಮಾಂಶವೆಂದರೆ ಭೂಮಿಯ ಗೇಣಿಯ ಐದನೇ ಒಂದು ಪಾಲು ಎಂದು ನಿಗದಿಯಾಯಿತು. ಹೆರಿಟರ್ ತನ್ನ ಭೂಮಿಯ ದಶಮಾಂಶವನ್ನು ತಾನೇ ಕೊಂಡುಕೊಳ್ಳಬಹುದಾಗಿತ್ತು. ಆದರೆ ಸಭಾಪಾಲಕರ ಸಂಬಳ ಅದರಿಂದಲೇ ಮೊದಲು ಹೋಗಬೇಕು. ಕನಿಷ್ಠ ಸಂಬಳ 800 ಮರ್ಕ್. ಒಂದು ಮರ್ಕ್ ಎಂದರೆ ಸ್ಕಾಟಿಷ್ ಪೌಂಡಿನ ಮೂರನೇ ಎರಡು ಪಾಲು. ಹನ್ನೆರಡು ಸ್ಕಾಟಿಷ್ ಪೌಂಡ್ ಸೇರಿದರೆ ಒಂದು ಇಂಗ್ಲಿಷ್ ಪೌಂಡ್.

ಸಂಬಳ ಧಾನ್ಯದ ಲೆಕ್ಕದಲ್ಲಿತ್ತು ಎನ್ನುವುದು ನನ್ನನ್ನು ಬಹಳ ಕಾಡುವ ಸಂಗತಿ. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆಯಾ ಜಿಲ್ಲೆಯ ನ್ಯಾಯಾಧೀಶನಾದ ಶೆರಿಫ್ 15 ಜನರ ಜ್ಯೂರಿ ಕರೆಸಿ, ವ್ಯಾಪಾರಿಗಳ ಮತ್ತು ರೈತರ ಸಾಕ್ಷ್ಯ ಕೇಳಿ, ಜವೆಗೋಧಿ, ಓಟ್ಸ್ ಮುಂತಾದವುಗಳ ಆ ವರ್ಷದ ದರವನ್ನು ಘೋಷಿಸುತ್ತಿದ್ದ. ಇದಕ್ಕೆ ಫಿಯರ್ಸ್ ದರ ಎಂದು ಹೆಸರು. 1808ರ ಕಾನೂನಿನ ನಂತರ ಸಭಾಪಾಲಕರ ಸಂಬಳವನ್ನು ಧಾನ್ಯದಲ್ಲಿ ಗೊತ್ತುಮಾಡಿ ಈ ದರದಲ್ಲಿ ಹಣಕ್ಕೆ ತಿರುಗಿಸುವುದೇ ಪದ್ಧತಿಯಾಯಿತು. ಅಂದರೆ ಬರ ಬಂದು ಧಾನ್ಯ ತುಟ್ಟಿಯಾದ ವರ್ಷ ಸಭಾಪಾಲಕರ ಸಂಬಳ ಏರುತ್ತಿತ್ತು, ಸುಗ್ಗಿ ಚೆನ್ನಾದ ವರ್ಷ ಇಳಿಯುತ್ತಿತ್ತು. ಹಸಿದ ಸಭೆಯ ಮುಂದೆ ನಿಂತು ಉಪದೇಶಿಸುವ ಮನುಷ್ಯನಿಗೆ ಇದು ಎಂಥ ಸಂಕಟ! ಒಳ್ಳೆಯ ಮನಸ್ಸಿನವರು ಆ ಹೆಚ್ಚುವರಿಯನ್ನು ನೆಮ್ಮದಿಯಿಂದ ತಿಂದಿರಲಾರರು.

ತುಂಗಾತೀರ, ಶನಿವಾರ ರಾತ್ರಿ

ಮೂವತ್ತಾರು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವನು ನಾನು. ಆದ್ದರಿಂದ ನನಗೆ ಶಾಲೆಯ ವಿಷಯ ಬೇಕು. ಸ್ಕಾಟ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಶಾಲೆಯಿತ್ತು, ಕುರಿ ಕಾಯುವವನ ಮಗನೂ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ಎಂದು ಕೇಳುತ್ತಲೇ ಬಂದಿದ್ದೇವೆ. ಅದರ ಹಿಂದೆ ಇದೇ ಹೆರಿಟರ್‌ಗಳಿದ್ದರೆ ಅವರಿಗೊಂದು ನಮಸ್ಕಾರ ಸಲ್ಲಲೇಬೇಕಲ್ಲವೇ?

ಕಡತಪ್ರಿಯ, ಶನಿವಾರ ರಾತ್ರಿ

ಮೇಷ್ಟರೇ, ನಮಸ್ಕಾರ ಸಲ್ಲಲಿ, ಆದರೆ ಕಾನೂನಿಗೂ ಅರ್ಧ ಸಲ್ಲಲಿ. 1616ರಿಂದಲೇ ಊರಿಗೊಂದು ಶಾಲೆ ಎಂಬ ಆಜ್ಞೆಗಳಿದ್ದವು. ಹಲ್ಲು ಬಂದದ್ದು 1696ರ ಕಾನೂನಿಗೆ. ಹೆರಿಟರ್‌ಗಳು ಸಭಾಪಾಲಕರೊಡನೆ ಕೂತು ಶಾಲೆಗೆ ಕಟ್ಟಡ ಕೊಡಬೇಕು. ಮೇಷ್ಟರಿಗೆ ವರ್ಷಕ್ಕೆ 100 ಮರ್ಕ್‌ಗೆ ಕಡಿಮೆಯಿಲ್ಲದಂತೆ, 200 ಮರ್ಕ್ ಮೀರದಂತೆ ಸಂಬಳ ಕೊಡಬೇಕು. ಅವರು ಸೇರದೆ ಹೋದರೆ ಪ್ರೆಸ್ಬಿಟರಿ, ಅಂದರೆ ಸುತ್ತಲಿನ ಪ್ಯಾರಿಷ್‌ಗಳ ಸಭಾಪಾಲಕರು ಮತ್ತು ಹಿರಿಯರ ಮಂಡಳಿ, ಜಿಲ್ಲೆಯ ಕಂದಾಯ ಆಯುಕ್ತರ ಬಳಿಗೆ ಹೋಗಬಹುದು. ಅವರಲ್ಲಿ ಐವರು ಕೂತು ಶಾಲೆಯನ್ನು ಸ್ಥಾಪಿಸಿ ಖರ್ಚನ್ನು ಹೆರಿಟರ್‌ಗಳ ಮೇಲೆ ಹೇರಬಹುದಿತ್ತು.

ಆದರೆ 200 ಮರ್ಕ್ ಎಂಬ ಆ ಮಿತಿ ನೂರು ವರ್ಷ ಅಲುಗಲಿಲ್ಲ. ಅದು ಹನ್ನೊಂದು ಇಂಗ್ಲಿಷ್ ಪೌಂಡಿನಷ್ಟೇ. ಬೆಲೆಗಳು ಏರಿದವು, ಹೆರಿಟರ್‌ಗಳ ಗೇಣಿ ಏರಿತು, ಮೇಷ್ಟರು ಅಲ್ಲೇ ಉಳಿದರು. ಸಭೆಯ ಗುಮಾಸ್ತಿಕೆ, ಜನನ ಮದುವೆಗಳ ದಾಖಲೆ ಬರೆಯುವುದು, ಇಗರ್ಜಿಯಲ್ಲಿ ಕೀರ್ತನೆ ಎತ್ತಿಕೊಡುವುದು, ಮಕ್ಕಳ ಶುಲ್ಕ, ಹೀಗೆ ನಾಲ್ಕು ಕಡೆಯಿಂದ ಪುಡಿಗಾಸು ಕೂಡಿಸಿ ಬದುಕುತ್ತಿದ್ದರು. 1803ರಲ್ಲಿ ಸಂಬಳವನ್ನು 300ರಿಂದ 400 ಮರ್ಕ್‌ಗೆ ಏರಿಸಿದರು. ಮನೆಯನ್ನೂ ಕೈತೋಟವನ್ನೂ ಕೊಡಬೇಕೆಂದರು. ಮನೆ ಎಷ್ಟು ದೊಡ್ಡದು ಗೊತ್ತೇ? ಅಡುಗೆಮನೆಯೂ ಸೇರಿ ಎರಡು ಕೋಣೆಗಿಂತ ಹೆಚ್ಚು ಕಟ್ಟಿಸಿಕೊಡುವ ಹೊಣೆ ಹೆರಿಟರ್‌ಗಳಿಗಿಲ್ಲ ಎಂದು ಕಾನೂನೇ ಬರೆಯಿತು. ಹೆಂಡತಿ ಮಕ್ಕಳೊಡನೆ ಲ್ಯಾಟಿನ್ ಬಲ್ಲ ಮನುಷ್ಯ ಆ ಎರಡು ಕೋಣೆಯಲ್ಲಿ.

ತುಂಗಾತೀರ, ಶನಿವಾರ ರಾತ್ರಿ

ಎರಡು ಕೋಣೆ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಗೇಣಿಒಕ್ಕಲು, ಭಾನುವಾರ ಬೆಳಿಗ್ಗೆ

ಇಷ್ಟು ಹೊತ್ತೂ ಹೆರಿಟರ್ ಕೊಟ್ಟ, ಹೆರಿಟರ್ ಕಟ್ಟಿದ ಎಂದೇ ಮಾತು ಸಾಗಿದೆ. ಹೆರಿಟರ್‌ಗೆ ಎಲ್ಲಿಂದ ಬಂತು? ನಮ್ಮಜ್ಜ ಗೇಣಿಗೆ ಉತ್ತವರು. ಒಡೆಯರು ಜಾತ್ರೆಗೆ ಕೊಟ್ಟ ಅಕ್ಕಿ ನಮ್ಮಜ್ಜನ ಕಣದಿಂದ ಹೋದದ್ದೇ ಎಂದು ಮನೆಯಲ್ಲಿ ಹೇಳುತ್ತಿದ್ದರು. ಸ್ಕಾಟ್ಲೆಂಡಿನ ಲೆಕ್ಕ ಬೇರೆಯಾಗಿರಲು ಸಾಧ್ಯವಿಲ್ಲ ಎಂದುಕೊಂಡು 1696ರ ಕಾನೂನಿನ ವಿವರ ಹುಡುಕಿದೆ. ಅದರಲ್ಲೇ ಇದೆ: ಮೇಷ್ಟರ ಸಂಬಳದ ಅರ್ಧವನ್ನು ಹೆರಿಟರ್ ತನ್ನ ಗೇಣಿದಾರರಿಂದ ವಸೂಲು ಮಾಡಿಕೊಳ್ಳಬಹುದು. ಬಡವರ ಪೋಷಣೆಗೆ ಹಾಕಿದ ತೆರಿಗೆಯಲ್ಲೂ ಅಷ್ಟೇ, ಅರ್ಧ ಭೂಮಾಲೀಕರಿಂದ, ಅರ್ಧ ಉಳುವವರಿಂದ. ಉಳಿದ ಅರ್ಧವೂ ಗೇಣಿಯಿಂದಲೇ ಹುಟ್ಟಿದ್ದು. ಹೀಗಿರುವಾಗ ಪ್ಯಾರಿಷ್ ಸಾಕಿದವರ ಹೆಸರಿನಲ್ಲಿ ಒಡೆಯರನ್ನಷ್ಟೇ ಬರೆಯುವುದು ಅನ್ಯಾಯ. ಆ ಅಟ್ಟವನ್ನು ರಸೀದಿ ಎಂದಿರಿ ಕಡತಪ್ರಿಯರೇ. ಹಣ ಕೊಟ್ಟವರು ಬೇರೆ, ರಸೀದಿಯಲ್ಲಿ ಬರೆದ ಹೆಸರು ಬೇರೆ.

ಕಡತಪ್ರಿಯ, ಭಾನುವಾರ ಬೆಳಿಗ್ಗೆ

ನಿಮ್ಮ ಮಾತು ಸರಿ. ನಾನು ಮೊದಲ ಬರಹದಲ್ಲೇ ಇದನ್ನು ಹೇಳಬೇಕಾಗಿತ್ತು.

ಬಡವರ ವಿಷಯ ಇನ್ನೂ ಕಹಿ. ತೆರಿಗೆ ಹಾಕಿ ಬಡವರನ್ನು ಪೋಷಿಸುವ ಅಧಿಕಾರ ಕಾನೂನಿನಲ್ಲಿದ್ದರೂ ಬಹುತೇಕ ಗ್ರಾಮೀಣ ಪ್ಯಾರಿಷ್‌ಗಳ ಹೆರಿಟರ್‌ಗಳು ಅದನ್ನು ಆದಷ್ಟೂ ದೂರವಿಟ್ಟರು. ಇಗರ್ಜಿಯ ಬಾಗಿಲ ಕಾಣಿಕೆ ತಟ್ಟೆ, ವ್ಯಭಿಚಾರಕ್ಕೆ ಹಾಕಿದ ದಂಡ, ಶವದ ಮೇಲೆ ಹೊದಿಸುವ ಕಪ್ಪು ವಸ್ತ್ರದ ಬಾಡಿಗೆ, ಇವುಗಳಿಂದಲೇ ಆಯಾ ಇಗರ್ಜಿಯ ಹಿರಿಯರ ಮಂಡಳಿ ವಿಧವೆಯರನ್ನೂ ಅನಾಥರನ್ನೂ ನೋಡಿಕೊಳ್ಳಬೇಕಾಗಿತ್ತು. ಸತ್ತವರ ಬಾಡಿಗೆಯಿಂದ ಬದುಕಿದ್ದವರಿಗೆ ಊಟ. ಅದು ಸಾಲದೆ ಬಂದಾಗ ಮಾತ್ರ ಹೆರಿಟರ್‌ಗಳ ಸಭೆ. ಸಭೆಯಲ್ಲಿ ಸ್ವಇಚ್ಛೆಯ ವಂತಿಗೆಯ ಮಾತು. ಅಷ್ಟಾದರೂ ಹಣದ ಮೇಲಿನ ಹಿಡಿತ ಬಿಡಲಿಲ್ಲ: 1751ರ ಹಂಬಿ ಪ್ಯಾರಿಷ್ ಮೊಕದ್ದಮೆಯಲ್ಲಿ, ಬಡವರ ನಿಧಿಯ ಆಡಳಿತದಲ್ಲಿ ಹೆರಿಟರ್‌ಗಳಿಗೂ ಹಿರಿಯರ ಮಂಡಳಿಯಷ್ಟೇ ಹಕ್ಕಿದೆ ಎಂದು ಎಡಿನ್‌ಬರೋದ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಬಡವರ ಪೋಷಣೆಯ ಹೊಸ ಕಾನೂನು 1845ರಲ್ಲಿ ಬರುವವರೆಗೆ ಹೀಗೇ ನಡೆಯಿತು.

ಬಲ್ಮಠದವಳು, ಭಾನುವಾರ ಮಧ್ಯಾಹ್ನ

ಒಡೆಯ ಕೊಡಲಾರೆನೆಂದರೆ ಮಾಡು ಸೋರುತ್ತಲೇ ಇರುತ್ತಿತ್ತೇ?

ಕಡತಪ್ರಿಯ, ಭಾನುವಾರ ಮಧ್ಯಾಹ್ನ

ಕೆಲವು ಕಡೆ ವರ್ಷಗಟ್ಟಲೆ. ಆದರೆ ದಾರಿಯಿತ್ತು. ಸಭಾಪಾಲಕರು ಪ್ರೆಸ್ಬಿಟರಿಗೆ ದೂರು ಕೊಟ್ಟರೆ, ಪ್ರೆಸ್ಬಿಟರಿ ಕಲ್ಲುಕುಟಿಗರನ್ನೂ ಬಡಗಿಗಳನ್ನೂ ಕರೆದುಕೊಂಡು ಬಂದು ಕಟ್ಟಡ ಪರೀಕ್ಷಿಸಿ, ಅಂದಾಜು ಬರೆಸಿ, ಹೆರಿಟರ್‌ಗಳ ಮೇಲೆ ಆಜ್ಞೆ ಹೊರಡಿಸುತ್ತಿತ್ತು. ಒಪ್ಪದವರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಇಗರ್ಜಿ ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಲೆಕ್ಕವಿತ್ತು: ಪ್ಯಾರಿಷ್‌ನಲ್ಲಿ ಹನ್ನೆರಡು ವರ್ಷ ಮೀರಿದವರಲ್ಲಿ ಮೂರನೇ ಎರಡು ಪಾಲು ಜನ ಕೂರುವಷ್ಟು.

1790ರ ದಶಕದಲ್ಲಿ ಸರ್ ಜಾನ್ ಸಿಂಕ್ಲೇರ್ ದೇಶದ 900ಕ್ಕೂ ಹೆಚ್ಚು ಪ್ಯಾರಿಷ್‌ಗಳ ಸಭಾಪಾಲಕರಿಗೆ ಪ್ರಶ್ನಾವಳಿ ಕಳಿಸಿ, ಉತ್ತರಗಳನ್ನು 21 ಸಂಪುಟಗಳಲ್ಲಿ ಪ್ರಕಟಿಸಿದರು. ಸಭಾಪಾಲಕರ ಮನೆಯ ಸ್ಥಿತಿ, ಊರಿನಲ್ಲಿ ವಾಸಿಸುವ ಹೆರಿಟರ್‌ಗಳು ಎಷ್ಟು, ಹೊರಗಿರುವವರು ಎಷ್ಟು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಹೊಣೆ ಹೊತ್ತವರ ಕುರಿತ ಮಾತು ಕೆಲವೊಮ್ಮೆ ಬಹಳ ಮೃದು. ಸಂಬಳ ಕೊಡುವವರ ಬಗ್ಗೆ ಬರೆಯುತ್ತಿದ್ದೇವೆಂಬ ಎಚ್ಚರ ಆ ಸಭಾಪಾಲಕರಿಗಿತ್ತು ಎಂಬುದನ್ನು ಓದುವವರು ಮರೆಯಬಾರದು.

ಇನ್ವರ್ನೆಸ್ ನಂದಿನಿ, ಭಾನುವಾರ ಸಂಜೆ

ನಾನಿರುವುದು ಉತ್ತರದ ಬೆಟ್ಟನಾಡಿನಲ್ಲಿ. ಇಲ್ಲಿನ ಮಾತನ್ನೂ ಸೇರಿಸಬೇಕು. ದಕ್ಷಿಣದ ಬಯಲಿನ ಪ್ಯಾರಿಷ್ ನೋಡಿ ಇಡೀ ದೇಶವನ್ನು ಅಳೆಯಲಾಗುವುದಿಲ್ಲ. ಇಲ್ಲಿ ಒಂದೊಂದು ಪ್ಯಾರಿಷ್ ಒಂದು ತಾಲ್ಲೂಕಿನಷ್ಟು. ಒಂದೇ ಇಗರ್ಜಿ, ನಡುವೆ ಬೆಟ್ಟ, ಹೊಳೆ, ಕಡಲ ತೋಳು. ಅದಕ್ಕಾಗಿ 1820ರ ದಶಕದಲ್ಲಿ ಸಂಸತ್ತು 50,000 ಪೌಂಡ್ ಕೊಟ್ಟು, ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಮೇಲ್ವಿಚಾರಣೆಯಲ್ಲಿ 32 ಇಗರ್ಜಿಗಳನ್ನು ಕಟ್ಟಿಸಿತು. ಸ್ಥಳ ಕೊಟ್ಟು ಮುಂದೆ ನೋಡಿಕೊಳ್ಳುವ ಹೊಣೆ ಭೂಮಾಲೀಕರದು.

ಅವುಗಳಲ್ಲಿ ಒಂದು ಕ್ರೊಯಿಕ್. ಆರ್ಡ್‌ಗೇ ಊರಿನಿಂದ ಕಣಿವೆಯ ಒಳಕ್ಕೆ ಹತ್ತು ಮೈಲಿ. ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. 1845ರ ಮೇ ತಿಂಗಳಲ್ಲಿ ಪಕ್ಕದ ಗ್ಲೆನ್‌ಕ್ಯಾಲ್ವಿ ಕಣಿವೆಯಿಂದ ಹದಿನೆಂಟು ಒಕ್ಕಲು ಕುಟುಂಬಗಳನ್ನು ಕುರಿ ಸಾಕಣೆಗೋಸ್ಕರ ಎಬ್ಬಿಸಿದರು. ಭೂಮಿ ಕಿಂಡೀಸ್‌ನ ರಾಬರ್ಟ್‌ಸನ್ ಮನೆತನದ್ದು. ಕೆಲಸ ನಡೆಸಿದವನು ಪಾರುಪತ್ಯಗಾರ ಗಿಲಾಂಡರ್ಸ್. ಹೋಗಲು ಜಾಗವಿಲ್ಲದ ಜನ ಇಗರ್ಜಿಯ ಅಂಗಳದಲ್ಲಿ, ಸಮಾಧಿಗಳ ನಡುವೆ, ಕಂಬಳಿ ಮತ್ತು ಟಾರ್ಪಾಲು ಕಟ್ಟಿ ಕೂತರು. ಪೂರ್ವದ ಕಿಟಕಿಯ ವಜ್ರಾಕಾರದ ಗಾಜುಗಳ ಮೇಲೆ ಹೊರಗಿನಿಂದ ಗೀಚಿದರು: ಗ್ಲೆನ್‌ಕ್ಯಾಲ್ವಿಯ ಜನ ಇಲ್ಲಿದ್ದರು, ಇಂಥ ದಿನ, ಇಂಥ ವರ್ಷ. ಒಂದು ಗಾಜಿನ ಮೇಲೆ ತಮ್ಮನ್ನೇ ದುಷ್ಟ ಸಂತತಿ ಎಂದು ಕರೆದುಕೊಂಡಿದ್ದಾರೆ. ತಮ್ಮ ಪಾಪದಿಂದಲೇ ಮನೆ ಹೋಯಿತೆಂದು ನಂಬಿದ್ದರೋ ಏನೋ. ಗೀಚು ಇವತ್ತಿಗೂ ಓದಲು ಬರುತ್ತದೆ. ನಾನು ಬೆರಳಿಡಲು ಹೋಗಿ ಹಿಂದೆಗೆದುಕೊಂಡೆ.

ಇಗರ್ಜಿಯನ್ನು ನಿಲ್ಲಿಸಿದ್ದೂ ಭೂಮಾಲೀಕರ ವ್ಯವಸ್ಥೆಯೇ, ಇಗರ್ಜಿಗೆ ಬರುವ ಜನರನ್ನು ಓಡಿಸಿದ್ದೂ ಅದೇ ವ್ಯವಸ್ಥೆ. ಹೆರಿಟರ್‌ನ ಹೊಣೆಯ ಪಟ್ಟಿಯಲ್ಲಿ ಕಲ್ಲು, ಮರ, ಸಂಬಳ ಎಲ್ಲ ಇತ್ತು. ಒಕ್ಕಲನ್ನು ಉಳಿಸಿಕೊಳ್ಳಬೇಕೆಂಬುದು ಇರಲಿಲ್ಲ.

ಗೇಣಿಒಕ್ಕಲು, ಭಾನುವಾರ ಸಂಜೆ

ನಂದಿನಿಯವರೇ, ಇದನ್ನು ಬರೆದದ್ದಕ್ಕೆ ಕೃತಜ್ಞತೆ.

ಕಡತಪ್ರಿಯ, ಭಾನುವಾರ ರಾತ್ರಿ

ನಂದಿನಿಯವರು ಹೇಳಿದ್ದಕ್ಕೆ ಎರಡು ವರ್ಷ ಹಿಂದಿನದನ್ನು ಜೋಡಿಸುತ್ತೇನೆ. ಹೆರಿಟರ್‌ಗಳ ಹೊಣೆಯ ಜೊತೆಗೆ, ಸಭಾಪಾಲಕರನ್ನು ನೇಮಿಸುವ ಹಕ್ಕು ಬಹಳ ಕಡೆ ಯಾರೋ ಒಬ್ಬ ದೊಡ್ಡ ಭೂಮಾಲೀಕನ ಕೈಯಲ್ಲಿತ್ತು. 1690ರಲ್ಲಿ ತೆಗೆದುಹಾಕಿದ್ದ ಆ ಹಕ್ಕನ್ನು ಲಂಡನ್ ಸಂಸತ್ತು 1712ರಲ್ಲಿ ಮರಳಿ ಕೊಟ್ಟಿತು. ಜನಕ್ಕೆ ಬೇಡವಾದವರನ್ನು ಒಡೆಯರು ತಂದು ಕೂರಿಸಬಹುದೇ ಎಂಬ ಜಗಳ ಉಲ್ಬಣಿಸಿ, 1843ರ ಮೇ 18ರಂದು ಎಡಿನ್‌ಬರೋದಲ್ಲಿ 450ಕ್ಕೂ ಹೆಚ್ಚು ಸಭಾಪಾಲಕರು ದೇಶದ ಅಧಿಕೃತ ಸಭೆಯನ್ನು ಬಿಟ್ಟು ಹೊರನಡೆದು ಸ್ವತಂತ್ರ ಸಭೆ ಕಟ್ಟಿದರು. ಮನೆ, ಹೊಲ, ಸಂಬಳ ಎಲ್ಲ ಬಿಟ್ಟು. ಒಡೆಯರ ನೇಮಕ ಬೇಡವೆಂದವರು ಅವರು. ಪೆನ್ನಿ ಪೆನ್ನಿ ಕೂಡಿಸಿ ಇಗರ್ಜಿಗಳನ್ನೂ ಶಾಲೆಗಳನ್ನೂ ತಾವೇ ಕಟ್ಟಿದರು.

ಆದರೆ ಕಟ್ಟಲು ನೆಲ ಬೇಕಲ್ಲ, ನೆಲ ಒಡೆಯನದು. ಪಶ್ಚಿಮದ ಸ್ಟ್ರಾಂಷಿಯನ್‌ನಲ್ಲಿ ಸರ್ ಜೇಮ್ಸ್ ರಿಡೆಲ್ ನಿವೇಶನ ಕೊಡಲಿಲ್ಲ. ಜನ ಹಣ ಕೂಡಿಸಿ ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ಕಬ್ಬಿಣದ ತೇಲುವ ಇಗರ್ಜಿಯನ್ನೇ ಮಾಡಿಸಿ, 1846ರಲ್ಲಿ ಸುನಾರ್ಟ್ ಕಡಲ ತೋಳಿಗೆ ಎಳೆದು ತಂದು ಲಂಗರು ಹಾಕಿದರು. ದೋಣಿಗಳಲ್ಲಿ ಹೋಗಿ ಆರಾಧಿಸುತ್ತಿದ್ದರು. ನೂರು ಜನ ಹತ್ತಿದರೆ ಒಂದು ಅಂಗುಲ ಮುಳುಗುತ್ತಿತ್ತಂತೆ, ಒಳ್ಳೆಯ ಉಪದೇಶಕರು ಬಂದ ದಿನ ಹೆಚ್ಚು ಮುಳುಗುತ್ತಿತ್ತೆಂದು ಜನ ಹೇಳುತ್ತಿದ್ದರು. ನಿವೇಶನ ನಿರಾಕರಣೆಯ ಬಗ್ಗೆ 1847ರಲ್ಲಿ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು.

ತುಂಗಾತೀರ, ಸೋಮವಾರ ಬೆಳಿಗ್ಗೆ

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1866ರ ಸೇಂಟ್ ಆಂಡ್ರ್ಯೂಸ್ ಇಗರ್ಜಿ ಇದೆಯಲ್ಲ, ಸ್ಕಾಟಿಷರದು. ಅದಕ್ಕೂ ಹೆರಿಟರ್‌ಗಳಿದ್ದರೇ?

ಕಡತಪ್ರಿಯ, ಸೋಮವಾರ ಬೆಳಿಗ್ಗೆ

ಇರಲು ಸಾಧ್ಯವಿಲ್ಲ ಮೇಷ್ಟರೇ. ಆ ಹೊರೆ ಸ್ಕಾಟ್ಲೆಂಡಿನ ನೆಲಕ್ಕೆ ಅಂಟಿಕೊಂಡದ್ದು, ಕಡಲು ದಾಟುವುದಿಲ್ಲ. ನಮಗೆ ನಿಜವಾಗಿ ತಟ್ಟುವ ನಂಟು ಬೇರೊಂದಿದೆ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಸೀಮೆಗಳನ್ನೆಲ್ಲ ಸುತ್ತಿ ಊರೂರಿನ ಬೇಸಾಯ, ಗೇಣಿ, ಕುಲಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಪರ್ತ್‌ಶೈರಿನವರು, ಕ್ಯಾಲಂಡರ್ ಬಳಿಯ ಲೆನಿ ಎಂಬ ಎಸ್ಟೇಟಿನ ಒಡೆಯರ ಮನೆತನದವರು. ಭಾರತದಿಂದ ಮರಳಿದ ಮೇಲೆ ಅಲ್ಲೇ ನೆಲೆಸಿ 1829ರಲ್ಲಿ ತೀರಿಕೊಂಡರು. ನಮ್ಮ ಗೌಡರನ್ನೂ ಶಾನುಭೋಗರನ್ನೂ ಕೂರಿಸಿಕೊಂಡು ಈ ಹೊಲಕ್ಕೆ ಯಾರಿಗೆ ಎಷ್ಟು ಸಲ್ಲಬೇಕು ಎಂದು ಕೇಳಿದ ಮನುಷ್ಯ, ತನ್ನೂರಿನಲ್ಲಿ ಇಗರ್ಜಿಗೂ ಶಾಲೆಗೂ ಪಾಲು ಕೊಡಬೇಕಾದ ಭೂಮಿಯ ನಡುವೆ ಬೆಳೆದವರು.

ಬಲ್ಮಠದವಳು, ಸೋಮವಾರ ಮಧ್ಯಾಹ್ನ

ಈ ವ್ಯವಸ್ಥೆ ಮುಗಿದದ್ದು ಯಾವಾಗ ಸರ್?

ಕಡತಪ್ರಿಯ, ಸೋಮವಾರ ಸಂಜೆ

ಒಂದೇ ದಿನ ಮುಗಿಯಲಿಲ್ಲ. ಬಡವರ ಪೋಷಣೆ 1845ರಲ್ಲಿ ಹೊಸ ಪ್ಯಾರಿಷ್ ಮಂಡಳಿಗಳಿಗೆ ಹೋಯಿತು. ಶಾಲೆಗಳು 1872ರಲ್ಲಿ ಚುನಾಯಿತ ಶಾಲಾ ಮಂಡಳಿಗಳಿಗೆ. ಸಭಾಪಾಲಕರನ್ನು ನೇಮಿಸುವ ಒಡೆಯರ ಹಕ್ಕು 1874ರಲ್ಲಿ ರದ್ದಾಯಿತು. ಕಟ್ಟಡಗಳ ಹೊಣೆಯಿಂದ ಹೆರಿಟರ್‌ಗಳು ಬಿಡುಗಡೆಯಾದದ್ದು 1925ರ ಕಾನೂನಿನಿಂದ. ಇಗರ್ಜಿಗಳೂ ಸಭಾಪಾಲಕರ ಮನೆಗಳೂ ಸಭೆಯ ಟ್ರಸ್ಟಿಗಳ ವಶಕ್ಕೆ ಬಂದವು. ಆಮೇಲೆ ಮಾಡು ಸೋರಿದರೆ ಸಭೆಯವರೇ ಹಣ ಕೂಡಿಸಬೇಕು. ಈಗ ಹಳ್ಳಿಯ ಇಗರ್ಜಿಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿರುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಭೂಮಿ ಹೊತ್ತ ಹೊಣೆಯನ್ನು ಭಕ್ತರ ಜೇಬು ಹೊರುವುದು ಕಷ್ಟ.

ಗೇಣಿಒಕ್ಕಲು, ಸೋಮವಾರ ರಾತ್ರಿ

ನನ್ನದೊಂದು ಕೋರಿಕೆ. ಗೇಣಿದಾರರಿಂದ ವಸೂಲು ಮಾಡಿದ ಅರ್ಧದ ಲೆಕ್ಕ ಹೆಸರು ಸಮೇತ ಎಲ್ಲಾದರೂ ಇದೆಯೇ? ಯಾವ ಒಕ್ಕಲು ಎಷ್ಟು ಕೊಟ್ಟ ಎಂದು?

ಕಡತಪ್ರಿಯ, ಸೋಮವಾರ ರಾತ್ರಿ

ಹೆರಿಟರ್‌ಗಳ ನಡಾವಳಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ಒಡೆಯರ ಹೆಸರಷ್ಟೇ. ನೋಡಬೇಕಾದದ್ದು ಎಸ್ಟೇಟುಗಳ ಗೇಣಿ ಪುಸ್ತಕಗಳನ್ನು. ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿ ಹೆರಿಟರ್‌ಗಳ ಕಡತಗಳು ಎಚ್‌ಆರ್ ಎಂಬ ಗುರುತಿನಡಿ ಇವೆ, ಮನೆತನಗಳು ಒಪ್ಪಿಸಿದ ಎಸ್ಟೇಟ್ ಕಾಗದಗಳು ಜಿಡಿ ಎಂಬ ಗುರುತಿನಡಿ. ಎರಡನ್ನೂ ಒಂದೇ ಪ್ಯಾರಿಷ್‌ಗೆ ಜೋಡಿಸಿ ಓದಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬಹುದು. ಬುಧವಾರ ರಜೆ ಹಾಕಿದ್ದೇನೆ. ಬೆಳಿಗ್ಗೆಯೇ ಹೋಗಿ ಕೂರುತ್ತೇನೆ. ಸಿಕ್ಕ ಮೊದಲ ಒಕ್ಕಲಿನ ಹೆಸರನ್ನು ಇಲ್ಲೇ ಬರೆಯುತ್ತೇನೆ.